ಬಿಸಿ ತುದಿಯವಳು

ಶ್ವಾಂಗ್‌ಯು ಹಳ್ಳಿ, ಹೈಲುನ್
22 ಜನವರಿ 1987, ಒಲೆ ದೇವರನ್ನು ಕಳಿಸಿಕೊಡುವ ದಿನ

ಪ್ರೀತಿಯ ತಂಗಿ ಯಾಚಿನ್,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೆ? ದಿನವಿಡೀ ಕರಿಹಲಗೆಯ ಮುಂದೆ ನಿಂತು ನಿಂತು ಸೊಂಟ ಹಿಡಿದುಕೊಳ್ಳುತ್ತದೆ ಎಂದು ನೀನು ಹೋದ ಪತ್ರದಲ್ಲಿ ಬರೆದಿದ್ದೆ. ದಪ್ಪ ಉಪ್ಪನ್ನು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟುಕೋ. ಅಮ್ಮ ಮಾಡುತ್ತಿದ್ದದ್ದು ಅದೇ, ನಿನಗೆ ನೆನಪಿರಲಾರದು, ನೀನಾಗ ಚಿಕ್ಕವಳು. ಹೊಂಗ್‌ವೈ ಅವರ ಕೆಮ್ಮು ಹೇಗಿದೆ? ಮಕ್ಕಳಿಬ್ಬರಿಗೂ ಚಳಿಗಾಲದ ರಜೆ ಶುರುವಾಗಿರಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ. ಮುಂದಿನದನ್ನು ಕೂತುಕೊಂಡು ಓದು.

ನಿನ್ನೆ ಸಂಜೆಯಿಂದ ಹಿಮ ಬೀಳುತ್ತಲೇ ಇದೆ. ಬೆಳಿಗ್ಗೆ ಬಾಗಿಲು ತಳ್ಳಿದರೆ ಅಲುಗಲಿಲ್ಲ. ನಿನ್ನ ಭಾವ ಕಿಟಕಿಯಿಂದ ಹೊರಗೆ ಧುಮುಕಿ, ಸೊಂಟದ ತನಕ ಹೂತುಕೊಂಡು, ಸಲಿಕೆಯಿಂದ ಬಾಗಿಲ ಮುಂದಿನದನ್ನು ಎತ್ತಿ ಹಾಕಿದರು. ನಾನು ಒಳಗಿನಿಂದ ಸಲಿಕೆ ಕೊಡುವುದು ತಡವಾಯಿತೆಂದು ಬೈದರು, ನಾನೂ ತಿರುಗಿ ಬೈದೆ. ಹೀಗೆ ಹಬ್ಬ ಶುರುವಾಗಿದೆ. ನಿಮ್ಮ ಕುನ್ಮಿಂಗಿನಲ್ಲಿ ಅಂಗಳದಲ್ಲಿ ಕೆಂಪು ಹೂ ಬಿಟ್ಟಿದೆ, ಮಕ್ಕಳು ಒಂದೇ ಸ್ವೆಟರಿನಲ್ಲಿ ಆಡುತ್ತಿದ್ದಾರೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಪತ್ರವನ್ನು ಮೂಲೆಗೆ ಎಸೆದಿದ್ದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಜನವರಿಯಲ್ಲಿ ಹೂ ಬಿಡುವ ಊರು ಹತ್ತಿರ ಹೋದರೂ ನುಣ್ಣಗೇ ಇರುತ್ತದೆ ಅನ್ನುವುದು ನನಗೂ ಗೊತ್ತು. ಸಂಜೆ ಪತ್ರವನ್ನು ಮೂಲೆಯಿಂದ ಎತ್ತಿ ತಂದು, ಒರೆಸಿ, ಮತ್ತೆ ಓದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮೂರು ಪತ್ರಗಳಲ್ಲಿ ಅಪ್ಪ ಚೆನ್ನಾಗಿದ್ದಾನೆ, ಎರಡು ಹೊತ್ತು ಉಣ್ಣುತ್ತಾನೆ, ಬಿಸಿಲಿಗೆ ಕೂರುತ್ತಾನೆ ಎಂದು ಬರೆದಿದ್ದೆನಲ್ಲ, ಉಣ್ಣುವುದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಸುಳ್ಳು. ಸೆಪ್ಟೆಂಬರ್ ಕೊನೆಯಲ್ಲಿ, ಜೋಳದ ತೆನೆ ಮುರಿಯುವ ದಿನಗಳಲ್ಲಿ, ಅಪ್ಪ ಅಂಗಳದಲ್ಲಿ ಬಿದ್ದುಬಿಟ್ಟ. ಎಡಗೈ ಎಡಗಾಲು ಸ್ವಾಧೀನ ತಪ್ಪಿತು. ಹತ್ತು ದಿನಕ್ಕೆ ಮಾತು ಬಂತು, ಕಾಲು ಅರ್ಧ ಬಂತು, ನೆನಪು ಮಾತ್ರ ಬರಲಿಲ್ಲ. ಯಾವ ಕಾಲದಲ್ಲಿದ್ದಾನೋ ಅಲ್ಲೇ ಇದ್ದಾನೆ, ನಮ್ಮ ಕಾಲಕ್ಕೆ ಬರುವುದಿಲ್ಲ. ತಂಗಿಗೆ ಬರಿ ಎಂದು ನಿನ್ನ ಭಾವ ಮೂರು ಸಲ ಹೇಳಿದರು. ಅವಳಿಗೆ ಶಾಲೆ ಇದೆ, ಮಕ್ಕಳಿದ್ದಾರೆ, ಐದು ದಿನ ರೈಲಿನಲ್ಲಿ ಬರಬೇಕು, ಸೊಂಟ ನೋವು ಬೇರೆ, ಎಂದೆಲ್ಲ ಮೂರು ಸಲವೂ ನಾನೇ ಅಡ್ಡ ಹಾಕಿದೆ. ನಿನ್ನ ಸೊಂಟದ ಮೇಲಿನ ಕರುಣೆಯಿಂದಲ್ಲ. ಯಾಕೆಂದು ಹೇಳುತ್ತೇನೆ, ಆದರೆ ಅದಕ್ಕೆ ನಮ್ಮ ಹಳೆಯ ಮನೆಯ ಜಗಲಿಯಿಂದಲೇ ಶುರು ಮಾಡಬೇಕು.

ಅಮ್ಮ ಹೋದ ಮೇಲೆ ನಾವು ಮೂವರೂ ಮನೆಯೊಳಗಿನ ಆ ಒಂದೇ ಟೊಳ್ಳು ಇಟ್ಟಿಗೆ ಜಗಲಿಯ ಮೇಲೆ ಮಲಗುತ್ತಿದ್ದೆವು. ಅಡುಗೆ ಒಲೆಯ ಹೊಗೆ ಮೊದಲು ಹೊಗುವುದು ಬಿಸಿ ತುದಿಗೆ. ಅಲ್ಲಿಂದ ಜಗಲಿಯ ಹೊಟ್ಟೆಯೊಳಗೆ ತೆವಳಿ ಗೋಡೆಯ ಕಡೆ ಹೋಗುವ ಹೊತ್ತಿಗೆ ಅದರಲ್ಲಿ ಕಾವೇ ಉಳಿದಿರುವುದಿಲ್ಲ. ಊರಲ್ಲೆಲ್ಲ ಬಿಸಿ ತುದಿ ಮನೆಯ ಹಿರಿಯರದು, ನಮ್ಮ ಮನೆಯಲ್ಲಿ ಮಾತ್ರ ನಿನ್ನದು. ಅಪ್ಪ ನಡುವೆ. ನಾನು ಗೋಡೆಯ ಪಕ್ಕ, ತಣ್ಣನೆಯ ತುದಿಯಲ್ಲಿ. ಬೆಳಿಗ್ಗೆ ಎದ್ದರೆ ಗೋಡೆಯ ಮೇಲೆ ಬೆರಳು ದಪ್ಪ ಹಿಮ ಕಟ್ಟಿರುತ್ತಿತ್ತು, ನನ್ನ ಕೂದಲು ಅದಕ್ಕೆ ಅಂಟಿಕೊಂಡಿರುತ್ತಿತ್ತು. ನಿನಗೆ ಎದೆ ಗಟ್ಟಿಯಿಲ್ಲ, ಕೆಮ್ಮು, ವರ್ಷಕ್ಕೆ ಮೂರು ಜ್ವರ. ನನಗದು ಗೊತ್ತಿತ್ತು. ಗೊತ್ತಿದ್ದರೆ ಕಾಲು ಬೆಚ್ಚಗಾಗುತ್ತದೆಯೆ? ಅಪ್ಪ ಊರ ಸಹಕಾರಿ ಕೂಟದ ಕುದುರೆ ಗಾಡಿ ಹೊಡೆದುಕೊಂಡು ಪೇಟೆಗೆ ಹೋಗಿ ಬಂದರೆ ಅಂಗಿಯೊಳಗಿಂದ ಒಂದು ಕರಿ ಮರಸೇಬು ತೆಗೆಯುತ್ತಿದ್ದ, ಚಳಿಗೆ ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದು. ಅದನ್ನು ತಣ್ಣೀರಲ್ಲಿ ನೆನೆಸಿ, ಮೇಲಿನ ಮಂಜುಗಡ್ಡೆ ಒಡೆದು, ಮೆತ್ತಗಾದ ಮೇಲೆ ನಿನ್ನ ಬಾಯಿಗೆ ಹಿಂಡುತ್ತಿದ್ದ. ಸಿಪ್ಪೆ ನನಗೆ. ಸಿಪ್ಪೆಯೂ ರುಚಿಯಾಗಿಯೇ ಇರುತ್ತಿತ್ತು ಅನ್ನು. ನಿನ್ನನ್ನು 'ಗುಬ್ಬೀ' ಎಂದು ಕರೆಯುತ್ತಿದ್ದ. ನನ್ನನ್ನು 'ದೊಡ್ಡೋಳೇ'. ದೊಡ್ಡೋಳೇ ನೀರು ತಾ, ದೊಡ್ಡೋಳೇ ಹಂದಿಗೆ ಹಾಕು, ದೊಡ್ಡೋಳೇ ಗುಬ್ಬಿ ಕೆಮ್ತಿದಾಳೆ ನೋಡು. ನನ್ನ ಹೆಸರು ಶುಜೆನ್ ಎಂಬುದು ಅಪ್ಪನಿಗೆ ನನ್ನ ಮದುವೆಯ ದಿನ ಗೊತ್ತಾಯಿತೋ ಏನೋ. ನಾಲ್ಕನೇ ತರಗತಿಗೆ ನನ್ನ ಶಾಲೆ ಬಿಡಿಸಿದ. ನೀನು ಟೀಚರ್ ಆದೆ. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ, ನನ್ನದು ಕೋಳಿ ಕೆರೆದ ಹಾಗೆ, ನೋಡುತ್ತಲೇ ಇದ್ದೀಯಲ್ಲ. ಇದನ್ನೆಲ್ಲ ನಾನು ಯಾವತ್ತೂ ಹೇಳಿರಲಿಲ್ಲ. ಹೇಳದೆ ನುಂಗಿದ್ದು ಕರಗಿ ಹೋಗುತ್ತದೆ ಎಂದುಕೊಂಡಿದ್ದೆ. ಮೂವತ್ತು ವರ್ಷವಾಯಿತು, ಕರಗಿಲ್ಲ.

ಕಾಯಿಲೆ ಬಿದ್ದ ಮೇಲೆ ಅಪ್ಪನನ್ನು ಪದ್ಧತಿಯ ಪ್ರಕಾರ ನಮ್ಮ ಮನೆಯ ಬಿಸಿ ತುದಿಯಲ್ಲೇ ಮಲಗಿಸಿದೆವು. ಬೆಳಿಗ್ಗೆ ನೋಡಿದರೆ ನಡುವೆ ಬಂದಿರುತ್ತಿದ್ದ. ಒಂದು ಕೈ ಒಂದು ಕಾಲಿನಲ್ಲಿ ಹೇಗೆ ತೆವಳುತ್ತಿದ್ದನೋ. ನಾವು ಎತ್ತಿ ಬಿಸಿ ತುದಿಗೆ ಹಾಕುವುದು, ಅವನು ಸರಿದು ನಡುವೆ ಬರುವುದು, ಒಂದು ವಾರ ಇದೇ ಆಯಿತು. ಮುದುಕರ ಹಟ ಎಂದು ಕೊನೆಗೆ ಬಿಟ್ಟುಬಿಟ್ಟೆವು. ಬಿಸಿ ತುದಿ ಖಾಲಿ ಉಳಿಯಿತು. ನವೆಂಬರಿನ ಮೊದಲ ದೊಡ್ಡ ಹಿಮದ ದಿನ ನಾನು ಬಾವಿಯಿಂದ ನೀರು ತರುವಾಗ ಜಾರಿ ಬಿದ್ದು, ಎರಡೂ ಕೊಡ ಮೈಮೇಲೆ ಸುರಿದುಕೊಂಡು, ಮನೆ ಸೇರುವಷ್ಟರಲ್ಲಿ ಪಾಯಿಜಾಮ ಹೆಪ್ಪುಗಟ್ಟಿ ಹಲಗೆಯಾಗಿತ್ತು. ಬಟ್ಟೆ ಬದಲಿಸಿದವಳೇ ಬಿಸಿ ತುದಿಗೆ ಹತ್ತಿ ಕಾಲು ಚಾಚಿ ಕೂತೆ. ಅಪ್ಪ ಕಣ್ಣು ಬಿಟ್ಟ. ನನ್ನನ್ನೇ ನೋಡಿದ. ಕಾಯಿಲೆಯಾದ ಮೇಲೆ ಮೊದಲ ಸಲ ಅವನ ಕಣ್ಣಿನಲ್ಲಿ ಗುರುತು ಹತ್ತಿದ ಬೆಳಕು ಬಂತು. "ಗುಬ್ಬೀ, ಬಂದ್ಯಾ? ಕಾಲು ತಣ್ಣಗಾಗೋಯ್ತಾ ಮಗಾ, ಇಲ್ಲಿ ಕೊಡು" ಅಂದ. ನನ್ನ ಎರಡೂ ಪಾದ ಎಳೆದು ತನ್ನ ಹತ್ತಿಯಂಗಿಯೊಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡ.

ಯಾಚಿನ್, ಅಪ್ಪನಿಗೆ ಮುಖಗಳು ಮರೆತಿವೆ, ಜಗಲಿ ಮರೆತಿಲ್ಲ. ಬಿಸಿ ತುದಿಯಲ್ಲಿ ಕೂತವಳು ಗುಬ್ಬಿ, ಅಷ್ಟೇ ಅವನ ಲೆಕ್ಕ. ಆಗಲೇ ನಾನು 'ಅಪ್ಪಾ, ನಾನು ಗುಬ್ಬಿಯಲ್ಲ, ದೊಡ್ಡೋಳು' ಅನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ನನಗೆ ನಲವತ್ತನಾಲ್ಕು ವರ್ಷ, ನನ್ನ ಕಾಲು ತಣ್ಣಗಾಗಿದೆಯೆ ಎಂದು ಇಷ್ಟು ವರ್ಷದಲ್ಲಿ ಕೇಳಿದವರು ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಅವತ್ತಿನಿಂದ ನಾನು ಗುಬ್ಬಿಯಾದೆ. ದಿನಾ ಕೆಲಸ ಮುಗಿಸಿ, ಕೈ ತೊಳೆದು, ಬಿಸಿ ತುದಿಗೆ ಹತ್ತಿ ಕೂರುತ್ತೇನೆ. ಧ್ವನಿಯನ್ನು ನಿನ್ನ ಹಾಗೆ ಸಣ್ಣ ಮಾಡಿಕೊಂಡು "ಅಪ್ಪಾ" ಅನ್ನುತ್ತೇನೆ. ಮೊದಲ ದಿನ ಅದನ್ನು ಕೇಳಿದ ನಿನ್ನ ಭಾವ "ಏನೇ ಅದು, ಬೆಕ್ಕು ತುಳಿದ್ಯಾ?" ಎಂದು ಒಲೆಮನೆಯಿಂದ ಓಡಿ ಬಂದರು. ಅಪ್ಪ ತನ್ನ ಮೊಟ್ಟೆಯಲ್ಲಿ ಅರ್ಧ ಉಳಿಸಿ ನನಗೆ ಕೊಡುತ್ತಾನೆ. ಹಾಡು ಅನ್ನುತ್ತಾನೆ. ನನಗೆಲ್ಲಿಯ ಹಾಡು? ಏನೋ ಒದರಿದೆ. "ಗಂಟಲು ಕಟ್ಟಿದೆ ಮಗಾ, ನಾಳೆ ಹಾಡು" ಅಂದ. ನಿನಗೆ ದಡಾರವಾದಾಗ ಔಷಧಿಗೆ ನಡೆದುಕೊಂಡೇ ಪೇಟೆಗೆ ಹೋಗಿದ್ದು, ನೀನು ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದದ್ದು, ನಕ್ಕರೆ ಥೇಟ್ ಅಮ್ಮನ ಹಾಗೇ ಕಾಣುವುದು, ಎಲ್ಲ ಹೇಳುತ್ತಾನೆ. ಈ ಮಾತುಗಳನ್ನೆಲ್ಲ ನೀನು ಚಿಕ್ಕಂದಿನಿಂದ ಕೇಳಿ ಬೇಸತ್ತಿರಬಹುದು. ನನಗೆ ಹೊಸದು. ಹಸಿದವಳ ಮುಂದೆ ಇಟ್ಟ ಎಲೆಯ ಹಾಗೆ ಬಾಚಿ ಬಾಚಿ ತಿಂದೆ. ತಿಂದಷ್ಟೂ ಹೊಟ್ಟೆ ಉರಿಯಿತು, ಯಾಕೆಂದರೆ ಒಂದೊಂದು ತುತ್ತಿನ ಮೇಲೂ ನಿನ್ನ ಹೆಸರಿತ್ತು. ನಿನ್ನ ವೇಷ ಹಾಕಿಕೊಂಡೂ ನಿನ್ನ ಮೇಲೆ ಹೊಟ್ಟೆಕಿಚ್ಚುಪಡುವವಳನ್ನು ಎಲ್ಲಾದರೂ ಕಂಡಿದ್ದೀಯ? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಅಪ್ಪಾ, ನಿಂಗೆ ಯಾರು ಇಷ್ಟ, ನಾನೋ ಅಕ್ಕನೋ?" ಸ್ವಲ್ಪ ಯೋಚನೆಯನ್ನಾದರೂ ಮಾಡಬಾರದೆ? "ನೀನೇ" ಅಂದ. ಅವನು ಕೊಟ್ಟ ಅರ್ಧ ಮೊಟ್ಟೆ ಇನ್ನೂ ನನ್ನ ಬಾಯಲ್ಲೇ ಇತ್ತು.

ಡಿಸೆಂಬರಿನಲ್ಲಿ ನೀನು ಕಳಿಸಿದ ಉಣ್ಣೆ ಟೋಪಿ ಬಂತು. ಅದಕ್ಕೆ ಮುಂಚೆ ನಾನು ಹೆಣೆದ ಎರಡು ಟೋಪಿ ಗೂಟದ ಮೇಲೆ ನೇತಾಡುತ್ತಿದ್ದವು, ಚುಚ್ಚುತ್ತದೆ ಎಂದು ಅಪ್ಪ ಕಿತ್ತೆಸೆದಿದ್ದ. ನಿನ್ನದನ್ನು ಹಾಕಿಕೊಂಡು, ಕನ್ನಡಿ ಕೇಳಿ ನೋಡಿಕೊಂಡು, "ಎಷ್ಟು ಚೆನ್ನಾಗಿದೆ ಗುಬ್ಬೀ" ಎಂದು ನನ್ನ ತಲೆ ಸವರಿದ. ಆ ಸವರಿದ್ದನ್ನೂ ನಾನೇ ಇಟ್ಟುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನು ಹಿತ್ತಲಲ್ಲೇ ನಿಂತು ದೂರದ ಗಿಡದ ಹೆಸರಿಟ್ಟುಕೊಂಡೆ ನೋಡು. ಎದುರು ಮನೆಯ ಪಾನ್ ಚಿಕ್ಕಮ್ಮ ಇದನ್ನೆಲ್ಲ ಎರಡು ಸಲ ನೋಡಿದ್ದಾರೆ. ಸೂರ್ಯಕಾಂತಿ ಬೀಜ ಒಡೆಯುತ್ತಾ ಕೂತವರು, ನಾನು ಬಾಗಿಲ ತನಕ ಕಳಿಸಲು ಹೋದಾಗ ಕೈ ಹಿಡಿದು ಹೇಳಿದರು: "ಕದ್ದು ತಿಂದ ಪ್ರೀತಿ ಮೈಗೆ ಹತ್ತಲ್ಲ ಕಣೇ. ತಂಗಿಗೊಂದು ಕಾಗದ ಹಾಕು." ಹಾಕುತ್ತೇನೆ ಅಂದೆ. ಹಾಕಲಿಲ್ಲ. ನೀನು ಬಂದರೆ ಆ ಬಿಸಿ ತುದಿಗೆ ನೀನೇ ಹತ್ತುತ್ತೀಯ. ನಿಜವಾದ ಗುಬ್ಬಿ ಬಂದು ಕೂತ ಮೇಲೆ ನನ್ನನ್ನು ಯಾರು ಕೇಳುತ್ತಾರೆ? ದೊಡ್ಡೋಳೇ ನೀರು ತಾ, ದೊಡ್ಡೋಳೇ ಗುಬ್ಬಿ ಬಂದಿದಾಳೆ ಕಡುಬು ಮಾಡು, ಅಷ್ಟೇ ತಾನೆ? ಅದಕ್ಕೇ ನಾನು ಬರೆಯಲಿಲ್ಲ. ಇದೇ ಕಾರಣ, ಇನ್ನೊಂದಿಲ್ಲ. ಈಗ ನೀನು ಬೈಯಬಹುದು.

ಇಲ್ಲಿಯ ತನಕ ಬರೆದು ಮಧ್ಯಾಹ್ನದ ಅಡುಗೆಗೆ ಎದ್ದಿದ್ದೆ. ಒಲೆ ದೇವರು ಇವತ್ತು ಮೇಲಕ್ಕೆ ಹೋಗಿ ಮನೆಮನೆಯ ವರದಿ ಒಪ್ಪಿಸುತ್ತಾನಲ್ಲ, ನನ್ನ ಸುಳ್ಳನ್ನು ಬಾಯಿಬಿಡದಿರಲಿ ಎಂದು ಅವನ ಪಟದ ಬಾಯಿಗೆ ಈ ಸಲ ಅಂಟುಸಕ್ಕರೆಯನ್ನು ಎರಡು ಪಟ್ಟು ಮೆತ್ತಿದೆ. ನಿನ್ನ ಭಾವ ನೋಡಿ ನಕ್ಕರು. ಊಟದ ಹೊತ್ತಿಗೆ ಗಾಳಿ ಎದ್ದಿತು. ಬಿದ್ದ ಹಿಮ, ಬೀಳುವ ಹಿಮ ಎರಡೂ ಒಂದಾಗಿ ಬಿಳಿ ಹೊಗೆಯಾಗಿ, ಅಂಗಳದ ಬೇಲಿ ಕಾಣದಾಯಿತು. ಅಪ್ಪ ಉಣ್ಣುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೂತ. ಆಮೇಲೆ, ನಾಲ್ಕು ತಿಂಗಳಲ್ಲಿ ಮೊದಲ ಸಲ, "ದೊಡ್ಡೋಳು ಎಲ್ಲಿ?" ಅಂದ.

ಬಟ್ಟಲು ಕೆಳಗಿಟ್ಟೆ. "ಇಲ್ಲೇ ಇದ್ದೀನಿ ಅಪ್ಪಾ" ಅಂದೆ, ಸಣ್ಣ ಧ್ವನಿಯಲ್ಲಲ್ಲ, ನನ್ನ ಧ್ವನಿಯಲ್ಲೇ. ಅವನು ನನ್ನ ಕಡೆ ತಿರುಗಿ, "ನೀನು ಗುಬ್ಬಿ. ಹೊದ್ಕೊಂಡು ಮಲ್ಕೋ, ಜ್ವರ ಬರುತ್ತೆ" ಅಂದ. ನಾನು ಬಿಸಿ ತುದಿಯಿಂದ ಇಳಿದು, ಜಗಲಿಯನ್ನು ಸುತ್ತಿ ಹೋಗಿ, ಗೋಡೆಯ ಪಕ್ಕ ನನ್ನ ಹಳೆಯ ಜಾಗದಲ್ಲಿ ಕೂತೆ. ಜಾಗ ನೋಡಿಯಾದರೂ ತಿಳಿದೀತು ಎಂಬ ಆಸೆ. ಅಪ್ಪನಿಗೆ ಸಿಟ್ಟು ಬಂತು. "ಏಳು ಅಲ್ಲಿಂದ. ಅದು ನಿಮ್ಮಕ್ಕನ ಜಾಗ. ಅವಳು ಹಿಮದಲ್ಲಿ ನೆಂದ್ಕೊಂಡು ಬರ್ತಾಳೆ, ಎಲ್ಲಿ ಮಲಗ್ಬೇಕು ಅವಳು?" ಎಂದು ಸರಿಯಿರುವ ಕೈಯಿಂದ ನನ್ನನ್ನು ನೂಕಿದ. ಎಷ್ಟು ನೂಕಿದನೆಂದರೆ ತಾನೇ ಉರುಳಿಬಿಡುತ್ತಿದ್ದ, ನಿನ್ನ ಭಾವ ಹಿಡಿದರು. ಕೊನೆಗೆ ಬಲಗೈಯ ಕಿರುಬೆರಳು ತೋರಿಸಿದೆ.

ಈ ಬೆರಳಿನ ಕಥೆ ನಿನಗೆ ಅರ್ಧ ಗೊತ್ತು, ಇನ್ನರ್ಧ ನಡೆದಾಗ ನೀನು ಜ್ವರದಲ್ಲಿ ಮಲಗಿದ್ದೆ. ನನಗೆ ಹದಿಮೂರು, ನಿನಗೆ ಏಳು. ಅಪ್ಪ ಧಾನ್ಯ ಹೇರಿಕೊಂಡು ಜಾರುಗಾಡಿಯಲ್ಲಿ ಪೇಟೆಗೆ ಹೋಗಿದ್ದ, ವಾಪಸು ಬರುವಾಗ ಇವತ್ತಿನಂಥದೇ ಬಿಳಿ ಹೊಗೆ ಎದ್ದಿತು. ದಾರಿ ಕಾಣದಿದ್ದಾಗ ಊರಿನವರು ಏನಾದರೂ ಬಡಿಯಬೇಕು, ಸದ್ದು ಹಿಡಿದುಕೊಂಡು ಬರುವವರು ಬರುತ್ತಾರೆ. ಉಳಿದ ಗಾಡಿಗಳೆಲ್ಲ ಬಂದಿದ್ದವು, ಹಾಗಾಗಿ ಬಡಿಯುವವರು ಒಬ್ಬೊಬ್ಬರೇ ಒಳಗೆ ಹೋದರು. ನಾನು ಮುಖ ತೊಳೆಯುವ ಬೋಗುಣಿ ಹಿಡಿದು ಊರ ಕೊನೆಯ ಮರದ ಕೆಳಗೆ ನಿಂತು ಬಡಿದೆ. ಕೈಗವಸು ಹಾಕಿದರೆ ಕೋಲು ಜಾರುತ್ತಿತ್ತು, ತೆಗೆದು ಹಾಕಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮೊದಲು ಕುದುರೆಯ ಸೀನು ಕೇಳಿತು, ಆಮೇಲೆ ಕುದುರೆ ಕಂಡಿತು. ಅಪ್ಪ ಗಾಡಿಯಿಂದ ಜಿಗಿದವನು ನನ್ನ ಮುಖ ನೋಡಿದ, ಕೈ ನೋಡಿದ, ಒಂದು ಮಾತೂ ಆಡದೆ ಮನೆಯ ಕಡೆ ಓಡಿದ. ನಾನು ಕುದುರೆ ಹಿಡಿದುಕೊಂಡು ಹಿಂದೆ ಬಂದೆ. ಒಳಗೆ ಬಂದರೆ ನಿನ್ನ ಹಣೆ ಮುಟ್ಟಿಕೊಂಡು ಕೂತಿದ್ದ. ಒಂದು ವಾರಕ್ಕೆ ಬೆರಳಿನ ತುದಿ ಕಪ್ಪಗಾಗಿ ಬಿದ್ದುಹೋಯಿತು. ಬೆರಳು ಹೋದದ್ದು ಹೋಯಿತು, ನನ್ನನ್ನು ದಾಟಿಕೊಂಡು ನಿನ್ನ ಹತ್ತಿರ ಓಡಿದನಲ್ಲ, ಅದು ಮಾತ್ರ ನನ್ನೊಳಗೆ ಹಸಿಯಾಗೇ ಉಳಿಯಿತು.

ಆ ಬೆರಳನ್ನು ತೋರಿಸಿದೆ. ಅಪ್ಪ ಕಣ್ಣಿನ ಹತ್ತಿರ ಹಿಡಿದು ನೋಡಿದ, ಹೆಬ್ಬೆರಳಿನಿಂದ ತುದಿ ಸವರಿದ. ಈಗ ತಿಳಿಯಿತು, ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ. "ಅಯ್ಯೋ ಗುಬ್ಬೀ, ನಿಂಗೂ ಹೀಗಾಯ್ತಾ?" ಅಂದ.

ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಯಾರಿಗೂ ಕೇಳಿಸಬಾರದೆಂಬಂತೆ, ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಅವತ್ತು ಅವಳ ಕೈ ನೋಡೋಕೆ ನನ್ನಿಂದ ಆಗ್ಲಿಲ್ಲ. ಅಲ್ಲೇ ನಿಂತಿದ್ರೆ ಅತ್ತುಬಿಡ್ತಿದ್ದೆ. ಗಂಡಸು, ಮಗಳ ಮುಂದೆ ಹೇಗೆ ಅಳೋದು? ಅದಕ್ಕೇ ಒಳಗೆ ಓಡಿಬಂದೆ. ಅವಳಿಗೆ ಹೇಳ್ಬೇಡ." ನನ್ನ ಬಗ್ಗೆ ಇರುವ ಒಂದು ಒಳ್ಳೆಯ ಮಾತನ್ನೂ ನಿನಗೇ ಹೇಳಬೇಕೆ? ಅದಕ್ಕೂ ಹೊಟ್ಟೆ ಉರಿಯಿತು, ದೇವರಾಣೆಗೂ ಉರಿಯಿತು. ಈ ಮಾತನ್ನು ಅಪ್ಪ ನಿನಗೆ ಹಿಂದೆಯೇ ಹೇಳಿದ್ದನೆ? ಹೇಳಿದ್ದರೆ, ಅವನು ಬೇಡ ಅಂದನೆಂದು ನೀನು ಮೂವತ್ತು ವರ್ಷ ಬಾಯಿ ಬಿಡದೆ ಕೂತೆಯಾ? ಇದಕ್ಕೆ ಮಾತ್ರ ಉತ್ತರ ಬರಿ, ಮಿಕ್ಕಿದ್ದಕ್ಕೆ ಬೇಕಿಲ್ಲ.

ಗಾಳಿ ಇನ್ನೂ ಜೋರಾಯಿತು. ಅಪ್ಪ ಈಗ ಮನೆಯಲ್ಲಿರಲಿಲ್ಲ, ಜಾರುಗಾಡಿಯ ಮೇಲಿದ್ದ. "ಬೋಗುಣಿ ಸದ್ದು ಕೇಳಿಸ್ತಿಲ್ಲ. ದೊಡ್ಡೋಳು ಬಡೀದೆ ಇದ್ರೆ ನಾನು ಮನೆಗೆ ಹೇಗೆ ಬರ್ಲಿ?" ಎಂದು ಜಗಲಿಯಿಂದ ಇಳಿಯಲು ಒದ್ದಾಡಿದ. ನಿನ್ನ ಭಾವ ಎರಡೂ ತೋಳಲ್ಲಿ ತಬ್ಬಿ ಹಿಡಿದು, ನನ್ನ ಕಡೆ ನೋಡಿ, "ನೋಡ್ತಾ ನಿಂತಿದ್ಯಲ್ಲೇ, ಹೋಗಿ ಬಡಿ" ಅಂದರು. ತಗಡಿನ ಬೋಗುಣಿ, ಕಡುಬು ಲಟ್ಟಿಸುವ ಕೋಲು ತೆಗೆದುಕೊಂಡು ಅಂಗಳಕ್ಕೆ ಹೋದೆ. ಕಿಟಕಿಯ ಕೆಳಗೆ ನಿಂತು ಬಡಿದೆ. ಪಾನ್ ಚಿಕ್ಕಮ್ಮ ತಲೆಗೆ ಶಾಲು ಸುತ್ತಿಕೊಂಡು, ಗೋಡೆ ಹಿಡಿದುಕೊಂಡು ಬಂದು, "ಯಾರು ಕಳೆದುಹೋದ್ರೇ?" ಎಂದು ಕೂಗಿದರು. ನಮ್ಮಪ್ಪ ಅಂದೆ. "ಒಳಗಿದ್ದಾನಲ್ಲೇ." ಇದ್ದಾನೆ ಅಂದೆ. ಚಿಕ್ಕಮ್ಮ ತಮ್ಮ ಕೈಗವಸು ಬಿಚ್ಚಿ ನನ್ನ ಕೈಗೆ ತುರುಕಿ, "ಹಾಕ್ಕೊಳ್ಳೇ ಮೂಳಿ, ಇನ್ನೊಂದು ಬೆರಳೂ ಕೊಡ್ತೀಯಾ?" ಎಂದು ಬೈದು ಹೋದರು. ನಾನು ಒಳಗಿನ ಕೂಗು ನಿಲ್ಲುವ ತನಕ ಬಡಿದೆ.

ಒಳಗೆ ಬಂದಾಗ ಅಪ್ಪ ನಿನ್ನ ಭಾವನ ಎದೆಗೆ ಒರಗಿಕೊಂಡಿದ್ದ. ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಕೇಳಿಸ್ತಾ? ನಮ್ಮ ದೊಡ್ಡೋಳು. ನಾನು ಬರೋ ತನಕ ನಿಲ್ಲಿಸಲ್ಲ ಅವಳು. ಊರೆಲ್ಲ ನಿಲ್ಲಿಸಿದ್ರೂ ಅವಳು ನಿಲ್ಲಿಸಲ್ಲ" ಎಂದು ಅವರಿಗೆ ಹೇಳುತ್ತಿದ್ದ. ನಾನು ತಲೆಯಿಂದ ಕಾಲಿನ ತನಕ ಬೆಳ್ಳಗಾಗಿ, ಕೈಯಲ್ಲಿ ಬೋಗುಣಿ ಹಿಡಿದು ಅವನ ಮುಂದೆಯೇ ನಿಂತಿದ್ದೆ. ನನ್ನನ್ನು ನೋಡಿ, "ನೀನ್ಯಾಕೆ ಹೊರಗೆ ಹೋದೆ ಗುಬ್ಬೀ?" ಅಂದ. ಕತ್ತು ಚಾಚಿ ನನ್ನ ಹಿಂದೆ ನೋಡಿದ. ನಾನು ಬಾಗಿಲು ಹಾಕಲು ಹೋದರೆ, "ಹಾಕ್ಬೇಡ, ಹಾಕ್ಬೇಡ. ಅವಳು ಕುದುರೆ ಕಟ್ಟಿ ಬರ್ತಾಳೆ" ಅಂದ. ಮನೆಯೊಳಗಿನ ಕಾವೆಲ್ಲ ಹೊರಗೆ ಹೋಗುತ್ತಿತ್ತು. ನಿನ್ನ ಭಾವ ಇರಲಿ ಬಿಡು ಎಂದು ಕಣ್ಣಲ್ಲೇ ಹೇಳಿದರು. ಬಾಗಿಲು ತೆರೆದಿಟ್ಟುಕೊಂಡು ನಾವು ಮೂವರೂ ನನ್ನ ದಾರಿ ಕಾಯುತ್ತಾ ಕೂತೆವು. ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಹಾಕಿದೆ.

ಈಗ ಗಾಳಿ ನಿಂತಿದೆ, ಸಂಜೆಯ ಗಂಜಿ ಒಲೆಯ ಮೇಲಿದೆ. ಬೇಕಾದ್ದು ಬೇಡದ್ದು ಎಲ್ಲ ಬರೆದುಬಿಟ್ಟೆ, ಕಾಗದವೂ ಮುಗಿಯುತ್ತಾ ಬಂತು. ಹೊಂಗ್‌ವೈ ಅವರಿಗೆ ನಮ್ಮಿಬ್ಬರ ನೆನಪು ಹೇಳು. ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ, ಹೊಸ ವರ್ಷಕ್ಕೆ ಒಂದೊಂದು ಗೇಣು ಬೆಳೆಯಲಿ. ನಿನ್ನ ಸೊಂಟ ನೆಟ್ಟಗಾಗಲಿ. ನನ್ನ ಮೇಲೆ ಕೋಪವಿದ್ದರೆ ಹಬ್ಬ ಮುಗಿಯುವ ತನಕ ಇಟ್ಟುಕೋ, ಆಮೇಲೆ ಬಿಡು.

ನಿನ್ನ ಅಕ್ಕ,
ಶುಜೆನ್

ಮರೆತ ಮಾತು: ನಿನ್ನ ಭಾವ ಕೋಟು ಹಾಕಿಕೊಂಡು ನಿಂತಿದ್ದಾರೆ, ಪೇಟೆಗೆ ಹೋಗುವ ಗಾಡಿಯವನ ಕೈಗೆ ಇದನ್ನು ಕೊಡಬೇಕಂತೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ತಂತಿ ಕಳಿಸೋಣ ಅಂದರು. ತಂತಿ ಕಂಡರೆ ಅಪ್ಪ ಹೋದನೆಂದೇ ನೀನು ತಿಳಿಯುತ್ತೀಯ, ಬೇಡ ಅಂದೆ. ಯಾಚಿನ್, ಹೊರಟು ಬಾ. ಶಾಲೆಗೆ ರಜೆ ಇದೆಯಲ್ಲ, ಸೊಂಟಕ್ಕೆ ದಿಂಬು ಕಟ್ಟಿಕೊಂಡಾದರೂ ಬಾ. ಬಂದವಳೇ ಬಿಸಿ ತುದಿಗೆ ಹತ್ತಿ ಕೂರು, ನಾನು ಬೇಡ ಅನ್ನುವುದಿಲ್ಲ. ಗುಬ್ಬಿ ಅಲ್ಲಿ ಕೂತಿದ್ದರೆ, ಈ ಮನೆಯಲ್ಲಿ ನೀರು ಹೊರುವ ಇನ್ನೊಬ್ಬಳು ಯಾರೆಂದು ಅಪ್ಪ ಒಂದು ಸಲವಾದರೂ ತಲೆಯೆತ್ತಿ ನೋಡಬೇಕಾಗುತ್ತದೆ. ಇರುವ ನೆನಪೂ ಹೆಚ್ಚು ದಿನ ಉಳಿಯದು ಅನ್ನುತ್ತಾರೆ ಡಾಕ್ಟರು. ಅಷ್ಟರೊಳಗೆ ಬಾ. ನೀನು ಬಾರದೆ ನಾನು ಅಪ್ಪನಿಗೆ ಸಿಕ್ಕುವುದಿಲ್ಲ.